ಹಚ್ಚುವ ರೆಟಿನಾಯ್ಡ್ ಎಷ್ಟು ಆಳಕ್ಕಿಳಿಯುತ್ತದೆ, ಮುಖದ ಕೊಬ್ಬನ್ನು ಮುಟ್ಟುತ್ತದೆಯೇ: ಪದೇ ಪದೇ ಕೇಳುವ ಪ್ರಶ್ನೆಗಳು

ಮೊಡವೆ, ಬಂಗು ಅಥವಾ ಸುಕ್ಕಿಗಾಗಿ ಟ್ರೆಟಿನೊಯಿನ್, ಅಡಾಪಲೀನ್, ರೆಟಿನಾಲ್ ಹಚ್ಚಿಕೊಳ್ಳುವವರು ಮಾತಿನಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಕೇಳಿರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಿದ್ದೇನೆ. ಕೇಳಿದವರ ಮಾತನ್ನು ಆದಷ್ಟೂ ಹಾಗೆಯೇ ಉಳಿಸಿಕೊಂಡಿದ್ದೇನೆ. ಇವು ಮುಖದ ಕೊಬ್ಬನ್ನು ಕರಗಿಸಿ ಕೆನ್ನೆಯನ್ನು ಬತ್ತಿಸುತ್ತವೆಂಬ ಭಯ ಇವುಗಳಲ್ಲಿ ಹಲವು ಪ್ರಶ್ನೆಗಳ ಹಿಂದಿದೆ. ಔಷಧದ ಅಣು ತಲುಪುವ ಆಳ ಬೇರೆ, ಅದರ ಪರಿಣಾಮ ತಲುಪುವ ಆಳ ಬೇರೆ. ಈ ವ್ಯತ್ಯಾಸ ತಿಳಿದರೆ ಕೆಳಗಿನ ಬಹುಪಾಲು ಆತಂಕಗಳಿಗೆ ಉತ್ತರ ಸಿಗುತ್ತದೆ.

## ಮೊದಲ ಪ್ರಶ್ನೆಗಳು

ರೆಟಿನಾಯ್ಡ್ ಅಂದ್ರೆ ಯಾವುದು? ನನ್ನ ಟ್ಯೂಬಿನಲ್ಲಿರೋದು ಅದೇನಾ?

ವಿಟಮಿನ್ ಎ ಮತ್ತು ಅದರಂತೆ ಕೆಲಸ ಮಾಡುವ ಅಣುಗಳ ಕುಟುಂಬಕ್ಕೆ ರೆಟಿನಾಯ್ಡ್ ಎಂಬ ಹೆಸರಿದೆ. ಟ್ಯೂಬಿನ ಮೇಲೆ ಟ್ರೆಟಿನೊಯಿನ್, ಅಡಾಪಲೀನ್, ಟಜಾರೊಟೀನ್ ಅಥವಾ ಟ್ರೈಫರೊಟೀನ್ ಎಂದಿದ್ದರೆ ಅದು ಔಷಧ. ರೆಟಿನಾಲ್, ರೆಟಿನಾಲ್ಡಿಹೈಡ್ ಎಂದಿದ್ದರೆ ಅದು ಸಾಮಾನ್ಯವಾಗಿ ಸೌಂದರ್ಯವರ್ಧಕ. ಚರ್ಮದೊಳಗೆ ಕೆಲಸ ಮಾಡುವ ರೂಪ ರೆಟಿನೊಯಿಕ್ ಆಮ್ಲ, ಮತ್ತು ಟ್ರೆಟಿನೊಯಿನ್ ಎಂದರೆ ಆ ಆಮ್ಲವೇ. ರೆಟಿನಾಲ್ ಚರ್ಮದ ಕೋಶಗಳೊಳಗೆ ಎರಡು ಹಂತಗಳಲ್ಲಿ ಬದಲಾಗಿ ಆ ರೂಪಕ್ಕೆ ಬರಬೇಕು, ಆದ್ದರಿಂದ ಅದರ ಬಲ ಬಹಳ ಕಡಿಮೆ. ಟ್ರೆಟಿನೊಯಿನ್‌ಗೆ ಅಮೆರಿಕದಲ್ಲಿ ಮೊಡವೆಯ ಔಷಧವಾಗಿ 1971ರಲ್ಲಿ ಅನುಮತಿ ದೊರೆಯಿತು. ಅಂದರೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲದ ಬಳಕೆಯ ಅನುಭವ ಅದರ ಹಿಂದಿದೆ.

ಮುಖದ ಚರ್ಮದಲ್ಲಿ ಯಾವ ಪದರ ಎಲ್ಲಿದೆ? ಕೊಬ್ಬು ಎಷ್ಟು ಕೆಳಗಿದೆ?

ತೀರಾ ಮೇಲೆ ಸತ್ತ ಕೋಶಗಳ ಪದರವಿದೆ. ಅದರ ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದರಿಂದ ಎರಡು ಭಾಗದಷ್ಟು ಮಾತ್ರ. ಅದರ ಕೆಳಗಿನ ಜೀವಂತ ಹೊರಚರ್ಮವನ್ನೂ ಸೇರಿಸಿದರೆ ಸುಮಾರು ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವಾಗುತ್ತದೆ. ಅದಕ್ಕೂ ಕೆಳಗೆ ಚರ್ಮಕ್ಕೆ ಬಿಗಿ ಕೊಡುವ ಕೊಲಾಜನ್ ಎಳೆಗಳು, ರಕ್ತನಾಳಗಳು, ಬೆವರು ಮತ್ತು ಎಣ್ಣೆಯ ಗ್ರಂಥಿಗಳಿರುವ ಒಳಚರ್ಮವಿದೆ. ಕೆನ್ನೆಯಲ್ಲಿ ಈ ಎಲ್ಲ ಪದರಗಳೂ ಸೇರಿ ಒಂದರಿಂದ ಎರಡು ಮಿಲಿಮೀಟರ್ ದಪ್ಪವಾಗುತ್ತದೆ. ಕೊಬ್ಬು ಶುರುವಾಗುವುದೇ ಅಲ್ಲಿಂದ ಕೆಳಗೆ.

ಆ ಕೊಬ್ಬು ಕೂಡ ಒಂದೇ ಹಾಸಾಗಿಲ್ಲ. ಮೇಲಿನ ಮತ್ತು ಆಳದ ಹಲವು ಪ್ರತ್ಯೇಕ ಗೂಡುಗಳಾಗಿ ಅದು ಹಂಚಿಹೋಗಿದೆ ಎಂಬುದನ್ನು ರೋರಿಶ್ ಮತ್ತು ಪೆಸ್ಸಾ ಎಂಬ ಶಸ್ತ್ರವೈದ್ಯರು 2007ರಲ್ಲಿ ವಿವರಿಸಿದರು. ವಯಸ್ಸಾದಂತೆ ಮುಖ ಇಳಿಯುವುದರಲ್ಲಿ ಆಳದ ಗೂಡುಗಳ ಪಾತ್ರ ದೊಡ್ಡದು, ಮತ್ತು ಅವು ಸ್ನಾಯುಗಳ ಹಿಂದೆ, ಮೂಳೆಗೆ ಹತ್ತಿರದಲ್ಲಿವೆ.

ಹಚ್ಚಿದ ಕ್ರೀಮ್ ನಿಜವಾಗಿ ಎಷ್ಟು ಆಳಕ್ಕೆ ಇಳಿಯುತ್ತೆ?

ಅಣುತೂಕದಲ್ಲಿ ಸುಮಾರು 500 ಡಾಲ್ಟನ್‌ಗಿಂತ ಚಿಕ್ಕದಾದ, ಎಣ್ಣೆಯಲ್ಲಿ ಕರಗುವ ಅಣುಗಳು ಸತ್ತ ಪದರವನ್ನು ದಾಟಬಲ್ಲವು. ಟ್ರೆಟಿನೊಯಿನ್‌ನ ಅಣುತೂಕ 300, ಅಡಾಪಲೀನ್‌ನದು 412, ಹೀಗಾಗಿ ಎರಡೂ ದಾಟುತ್ತವೆ. ಆದರೆ ಎಣ್ಣೆಯ ಮೇಲಿನ ಇದೇ ಒಲವು ಅವುಗಳನ್ನು ಮೇಲ್ಪದರದ ಕೊಬ್ಬಿನಂಶದಲ್ಲೇ ಹಿಡಿದಿಡುತ್ತದೆ. ಹಚ್ಚಿದ್ದರ ದೊಡ್ಡ ಪಾಲು ಸತ್ತ ಪದರದಲ್ಲಿ ಕೂತು, ಅಲ್ಲಿಂದ ನಿಧಾನವಾಗಿ ಹೊರಚರ್ಮಕ್ಕೆ ಇಳಿಯುತ್ತದೆ, ಇಲ್ಲವೇ ಆ ಪದರ ಉದುರುವಾಗ ಅದರೊಂದಿಗೇ ಹೋಗುತ್ತದೆ. ಹೊರಚರ್ಮದಲ್ಲಿ ಪ್ರಮಾಣ ಗಣನೀಯವಾಗಿರುತ್ತದೆ. ಒಳಚರ್ಮಕ್ಕೆ ಬರುವಷ್ಟರಲ್ಲಿ ಹಲವು ಪಟ್ಟು ಇಳಿದಿರುತ್ತದೆ. ಬೇಸಿಗೆಯಲ್ಲಿ ಒಣಗಿದ ಹೊಲದ ಮೇಲೆ ಬಿದ್ದ ಸಣ್ಣ ಮಳೆ ಮೇಲುಮಣ್ಣನ್ನು ನೆನೆಸಿ ಅಲ್ಲಿಗೇ ನಿಲ್ಲುವ ಹಾಗೆ ಇದು.

ಇನ್ನೆರಡು ಅಡೆತಡೆಗಳನ್ನು ಜನ ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಹೊರಚರ್ಮದ ಕೋಶಗಳಲ್ಲಿ ರೆಟಿನೊಯಿಕ್ ಆಮ್ಲವನ್ನು ಒಡೆಯುವ ಸಿವೈಪಿ26 ಎಂಬ ಕಿಣ್ವಗಳಿವೆ. ಔಷಧ ಹೆಚ್ಚಿದಂತೆ ಈ ಕಿಣ್ವಗಳೂ ಹೆಚ್ಚುತ್ತವೆ. ಆಮೇಲೆ, ಒಳಚರ್ಮದ ಮೇಲ್ಭಾಗದಲ್ಲೇ ಸಣ್ಣ ರಕ್ತನಾಳಗಳ ದಟ್ಟ ಜಾಲವಿದೆ. ಅಲ್ಲಿಯವರೆಗೆ ಬಂದ ಅಣುಗಳನ್ನು ರಕ್ತ ಹೊತ್ತುಕೊಂಡು ಹೋಗುತ್ತದೆ. ಅವು ನೇರ ಕೆಳಗಿಳಿದು ಕೊಬ್ಬಿನಲ್ಲಿ ಶೇಖರವಾಗುವ ದಾರಿ ಹೀಗೆ ಬಹುಮಟ್ಟಿಗೆ ಮುಚ್ಚಿಹೋಗುತ್ತದೆ.

ಇದನ್ನ ಹಚ್ಚಿದ್ರ ಗಲ್ಲ ಒಳಗ ಹೋಗ್ತಾವಂತ, ಖರೆ ಏನ್ರೀ?

ಇಲ್ಲ. ಹಚ್ಚುವ ರೆಟಿನಾಯ್ಡ್‌ನಿಂದ ಮನುಷ್ಯರ ಮುಖದ ಕೊಬ್ಬು ಕರಗಿತೆಂದು ಯಾವ ನಿಯಂತ್ರಿತ ಪ್ರಯೋಗವೂ ತೋರಿಸಿಲ್ಲ, ಮತ್ತು ಈ ಔಷಧಗಳ ಅಂಗೀಕೃತ ಅಡ್ಡ ಪರಿಣಾಮಗಳ ಪಟ್ಟಿಯಲ್ಲಿ ಅದು ಇಲ್ಲ. ಆ ಪ್ರಯೋಗಗಳು ಕೊಬ್ಬನ್ನು ಅಳೆಯಲೆಂದು ಮಾಡಿದವಲ್ಲ ಎಂಬುದನ್ನೂ ಹೇಳಬೇಕು. ಅವು ಮೊಡವೆ, ಸುಕ್ಕು, ಕೊಲಾಜನ್‌ಗಳನ್ನು ನೋಡಿದವು. ಆದರೂ ಇಷ್ಟು ದಶಕಗಳಲ್ಲಿ ಇಷ್ಟೊಂದು ಜನ ಬಳಸಿದ ಔಷಧವೊಂದು ಕೆನ್ನೆಗಳನ್ನು ಕುಳಿಯಾಗಿಸುತ್ತಿದ್ದರೆ ಚರ್ಮವೈದ್ಯರ ಕಣ್ಣಿಗೆ ಅದು ಬೀಳದೆ ಇರುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ.

## ಬಳಸುತ್ತಿರುವವರ ಪ್ರಶ್ನೆಗಳು

ರಕ್ತಕ್ಕೆ ಸೇರುತ್ತಾ? ಸೇರಿದರೆ ಎಷ್ಟು?

ಲೆಕ್ಕ ಹಾಕಿಯೇ ನೋಡಬಹುದು. ಇಡೀ ಮುಖಕ್ಕೆ ಬಟಾಣಿ ಕಾಳಿನಷ್ಟು ಕ್ರೀಮ್ ಎಂದರೆ ಸುಮಾರು ಕಾಲು ಗ್ರಾಂ. ಶೇಕಡಾ 0.025ರ ಟ್ರೆಟಿನೊಯಿನ್ ಆದರೆ ಅದರಲ್ಲಿರುವ ಔಷಧ ಸುಮಾರು 62 ಮೈಕ್ರೊಗ್ರಾಂ. ಹಚ್ಚಿದ ಟ್ರೆಟಿನೊಯಿನ್‌ನಲ್ಲಿ ದೇಹದೊಳಕ್ಕೆ ಸೇರುವುದು ಶೇಕಡಾ ಒಂದೆರಡರಷ್ಟು ಎಂದು ಅಳತೆಗಳು ಹೇಳುತ್ತವೆ. ಹಾಗಾದರೆ ಒಂದು ರಾತ್ರಿಗೆ ಸುಮಾರು ಒಂದು ಮೈಕ್ರೊಗ್ರಾಂ. ನಮ್ಮ ರಕ್ತದಲ್ಲಿ ಊಟದ ವಿಟಮಿನ್ ಎ ಇಂದ ಬಂದ ರೆಟಿನೊಯಿಕ್ ಆಮ್ಲ ಸದಾ ಸ್ವಲ್ಪ ಇದ್ದೇ ಇರುತ್ತದೆ, ಮತ್ತು ಮುಖಕ್ಕೆ ಹಚ್ಚುವ ಈ ಪ್ರಮಾಣ ಆ ಸಹಜ ಮಟ್ಟವನ್ನು ಗುರುತಿಸುವಷ್ಟು ಏರಿಸುವುದಿಲ್ಲ. ಅಡಾಪಲೀನ್ ಇನ್ನೂ ಕಡಿಮೆ ಒಳಸೇರುತ್ತದೆ.

ಹೋಲಿಸಿ ನೋಡಲು ಮೊಡವೆಗೆ ನುಂಗುವ ಐಸೊಟ್ರೆಟಿನೊಯಿನ್ ಇದೆ. 60 ಕಿಲೊ ತೂಕದವರಿಗೆ ಕಿಲೊಗೆ ಅರ್ಧ ಮಿಲಿಗ್ರಾಂನಂತೆ ಕೊಟ್ಟರೂ ದಿನಕ್ಕೆ 30 ಮಿಲಿಗ್ರಾಂ, ಅಂದರೆ 30,000 ಮೈಕ್ರೊಗ್ರಾಂ ಆಗುತ್ತದೆ. ನುಂಗಿದ್ದೆಲ್ಲವೂ ರಕ್ತಕ್ಕೆ ಬರುವುದಿಲ್ಲವಾದರೂ ಎರಡರ ನಡುವಿನ ಅಂತರ ಸಾವಿರಾರು ಪಟ್ಟು ಎಂಬುದರಲ್ಲಿ ಅನುಮಾನವಿಲ್ಲ. ಮಾತ್ರೆಯ ಬಗ್ಗೆ ಕೇಳಿದ್ದನ್ನು ಕ್ರೀಮಿಗೆ ಅನ್ವಯಿಸುವ ಮುನ್ನ ಈ ಅಂತರವನ್ನು ನೆನಪಿಟ್ಟುಕೊಳ್ಳಬೇಕು.

ಒಳಚರ್ಮಕ್ಕೆ ಹೋಗೋದೇ ಅಷ್ಟು ಕಡಿಮೆ ಅಂದ್ರೆ ಕೊಲಾಜನ್ ಹೇಗೆ ಹೆಚ್ಚುತ್ತೆ?

ನನಗೆ ಬಹಳ ಇಷ್ಟವಾದ ಪ್ರಶ್ನೆ ಇದು, ಏಕೆಂದರೆ ಇಡೀ ವಿಷಯದ ತಿರುಳು ಇಲ್ಲಿದೆ. ರೆಟಿನೊಯಿಕ್ ಆಮ್ಲ ಹಾರ್ಮೋನಿನ ರೀತಿಯಲ್ಲಿ ಕೆಲಸ ಮಾಡುತ್ತದೆ. ಕೋಶದ ಕೇಂದ್ರದಲ್ಲಿರುವ ಆರ್‌ಎಆರ್ ಎಂಬ ಗ್ರಾಹಕಗಳಿಗೆ ಅದು ಅಂಟಿಕೊಂಡು, ಜೀನ್‌ಗಳ ಕೆಲಸವನ್ನೇ ಏರಿಸುತ್ತದೆ ಅಥವಾ ಇಳಿಸುತ್ತದೆ. ಈ ಗ್ರಾಹಕಗಳನ್ನು 1987ರಲ್ಲಿ ಫ್ರಾನ್ಸಿನ ಪಿಯರ್ ಶಾಂಬೊನ್ ಮತ್ತು ಅಮೆರಿಕದ ರೊನಾಲ್ಡ್ ಎವಾನ್ಸ್ ಅವರ ತಂಡಗಳು ಬೇರೆಬೇರೆಯಾಗಿ ಕಂಡುಹಿಡಿದವು. ಇಂಥ ಗ್ರಾಹಕಗಳನ್ನು ಎಚ್ಚರಿಸಲು ಅತ್ಯಲ್ಪ ಪ್ರಮಾಣ ಸಾಕು. ಹೀಗಾಗಿ ಒಳಚರ್ಮದ ಮೇಲ್ಭಾಗಕ್ಕೆ ತಲುಪುವ ಅಲ್ಪವೂ ಅಲ್ಲಿನ ಕೋಶಗಳಿಗೆ ಅರ್ಥಪೂರ್ಣ ಸಂದೇಶವಾಗುತ್ತದೆ. ಜೊತೆಗೆ, ಔಷಧ ಚೆನ್ನಾಗಿ ತಲುಪಿದ ಹೊರಚರ್ಮದ ಕೋಶಗಳು ತಮ್ಮ ಕೆಳಗಿನ ನೆರೆಯವರಿಗೆ ಬೆಳವಣಿಗೆಯ ಸಂಕೇತಗಳನ್ನು ಕಳಿಸುತ್ತವೆ.

ಇನ್ನೊಂದು ದಾರಿಯೂ ಇದೆ. ಬಿಸಿಲಿನ ಅತಿನೇರಳೆ ಕಿರಣಗಳು ಕೊಲಾಜನ್ ಕತ್ತರಿಸುವ ಕಿಣ್ವಗಳನ್ನು ಎಬ್ಬಿಸುತ್ತವೆ. ಅದನ್ನು ರೆಟಿನೊಯಿಕ್ ಆಮ್ಲ ತಡೆಯುತ್ತದೆ. ಮಿಷಿಗನ್ ವಿಶ್ವವಿದ್ಯಾಲಯದ ತಂಡ 1993ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಿಸಿಲಿನಿಂದ ಹಾಳಾದ ಚರ್ಮಕ್ಕೆ 10ರಿಂದ 12 ತಿಂಗಳು ಟ್ರೆಟಿನೊಯಿನ್ ಹಚ್ಚಿದವರಲ್ಲಿ ಒಂದನೇ ಬಗೆಯ ಕೊಲಾಜನ್‌ನ ಉತ್ಪಾದನೆ ಶೇಕಡಾ 80ರಷ್ಟು ಹೆಚ್ಚಿತ್ತು. ಔಷಧವಿಲ್ಲದ ಕ್ರೀಮ್ ಹಚ್ಚಿದವರಲ್ಲಿ ಅದು ಶೇಕಡಾ 14ರಷ್ಟು ಇಳಿದಿತ್ತು. ಈ ಬದಲಾವಣೆ ಕಂಡದ್ದು ಒಳಚರ್ಮದ ಮೇಲ್ಭಾಗದಲ್ಲಿ, ಕೊಬ್ಬಿಗಿಂತ ಎಷ್ಟೋ ಮೇಲೆ.

ಹಚ್ಚೋದು ಶುರು ಮಾಡಿ ಎರಡು ಮೂರು ತಿಂಗಳಾಯ್ತು, ಮುಖ ಬತ್ತಿದ ಹಾಗೆ ಕಾಣ್ತಿದೆ. ಹಾಗಾದ್ರೆ ಇದೇನು?

ಕಂಡದ್ದು ಸುಳ್ಳಲ್ಲ, ಕಾರಣ ಬೇರೆ. ಮೊದಲ ವಾರಗಳಲ್ಲಿ ಸತ್ತ ಪದರ ಬೇಗ ಬೇಗ ಉದುರಿ ಚರ್ಮ ನೀರು ಹಿಡಿದಿಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಒಣಗಿದ ಚರ್ಮದ ಮೇಲೆ ಸಣ್ಣ ಗೆರೆಗಳು ಎದ್ದು ಕಾಣುತ್ತವೆ, ಬೆಳಕು ಸಮನಾಗಿ ಹೊಳೆಯುವುದಿಲ್ಲ, ಕೆನ್ನೆ ಬಾಡಿದಂತಾಗುತ್ತದೆ. ಮೊಡವೆಯ ಉರಿಯೂತವಿದ್ದವರಲ್ಲಿ ಆ ಊತ ಇಳಿದಾಗಲೂ ಮುಖ ಸಣ್ಣದಾದಂತೆ ಕಾಣುವುದುಂಟು; ಅಲ್ಲಿ ಹೋದದ್ದು ಊತ. ದಿನ ಬಿಟ್ಟು ದಿನ ಹಚ್ಚಿ, ಮಾಯಿಶ್ಚರೈಸರ್ ಹೆಚ್ಚಿಸಿ, ನಾಲ್ಕಾರು ವಾರ ನೋಡಿದರೆ ಈ ಬಗೆಯ ಬಾಡುವಿಕೆ ಸಾಮಾನ್ಯವಾಗಿ ಸರಿಹೋಗುತ್ತದೆ. ನಿಜವಾಗಿ ಕಳೆದುಹೋದ ಕೊಬ್ಬು ಮಾಯಿಶ್ಚರೈಸರಿನಿಂದ ಮರಳಿ ಬರುವುದಿಲ್ಲ, ಆದ್ದರಿಂದ ಇದು ಒಳ್ಳೆಯ ಪರೀಕ್ಷೆಯೂ ಹೌದು.

ಅದೇ ತಿಂಗಳುಗಳಲ್ಲಿ ತೂಕ ಇಳಿದಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಚರ್ಮದ ಆರೈಕೆಗೆ ಮನಸ್ಸು ಮಾಡಿದವರು ಎಷ್ಟೋ ಸಲ ಊಟ, ವ್ಯಾಯಾಮಗಳನ್ನೂ ಜೊತೆಯಲ್ಲೇ ಬದಲಿಸಿರುತ್ತಾರೆ. ಮೂವತ್ತೈದು ದಾಟಿದವರಲ್ಲಿ ಕಣ್ಣುಗೂಡಿನ ಅಂಚಿನ ಮತ್ತು ಮೇಲ್ದವಡೆಯ ಮೂಳೆ ನಿಧಾನವಾಗಿ ಸವೆಯುವುದೂ, ಆಳದ ಕೊಬ್ಬು ಕುಗ್ಗುವುದೂ ಯಾವ ಕ್ರೀಮಿನ ಹಂಗೂ ಇಲ್ಲದೆ ನಡೆದೇ ಇರುತ್ತದೆ.

ಕಣ್ಣಿನ ಕೆಳಗೆ ಹಚ್ಚಿದ್ರೆ ಕುಳಿ ಬೀಳುತ್ತಾ?

ರೆಪ್ಪೆಯ ಚರ್ಮ ದೇಹದಲ್ಲೇ ಅತ್ಯಂತ ತೆಳ್ಳಗಿನದು, ಅರ್ಧ ಮಿಲಿಮೀಟರಿನಷ್ಟು. ಹಾಗಾದರೆ ಕೊಬ್ಬು ಅಲ್ಲಿ ತೀರಾ ಹತ್ತಿರವಿರಬೇಕಲ್ಲ ಎಂದು ತೋರಬಹುದು. ರೆಪ್ಪೆಯ ಚರ್ಮದಡಿಯಲ್ಲಿ ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ; ಕಣ್ಣಿನ ಸುತ್ತ ತುಂಬಿರುವ ಕೊಬ್ಬು ಸ್ನಾಯು ಮತ್ತು ಗಟ್ಟಿಯಾದ ಪೊರೆಯೊಂದರ ಹಿಂದೆ, ಕಣ್ಣುಗೂಡಿನೊಳಗಿದೆ. ಅಲ್ಲಿ ಹಚ್ಚುವಾಗ ಹೆದರಬೇಕಾದದ್ದು ಉರಿ, ಒಣಗುವಿಕೆ ಮತ್ತು ಔಷಧ ಜಾರಿ ಕಣ್ಣಿಗೆ ಬೀಳುವುದಕ್ಕೆ. ರೆಪ್ಪೆಯಂಚಿನ ಎಣ್ಣೆ ಗ್ರಂಥಿಗಳಿಗೆ ರೆಟಿನಾಯ್ಡ್ ಒಗ್ಗುವುದಿಲ್ಲವೆಂಬುದು ಐಸೊಟ್ರೆಟಿನೊಯಿನ್ ಮಾತ್ರೆಯ ಅನುಭವದಿಂದ ತಿಳಿದಿದೆ, ಆದ್ದರಿಂದ ಮೂಳೆಯ ಅಂಚಿನವರೆಗೆ ಮಾತ್ರ ಹಚ್ಚಿ ರೆಪ್ಪೆಯನ್ನು ಬಿಡುವುದು ವಾಸಿ.

ಚರ್ಮ ತೆಳ್ಳಗಾಗುತ್ತೆ ಅಂತಾರಲ್ಲ?

ತೆಳ್ಳಗಾಗುವುದು ಸತ್ತ ಕೋಶಗಳ ಪದರ ಮಾತ್ರ. ಅದು ಒತ್ತಾಗಿ ಅಡಕವಾಗುತ್ತದೆ. ಅದರ ಕೆಳಗಿನ ಜೀವಂತ ಹೊರಚರ್ಮ ಮೊದಲ ತಿಂಗಳುಗಳಲ್ಲಿ ದಪ್ಪವಾಗುತ್ತದೆ.

ಪಕ್ಕದ ಮೆಡಿಕಲ್ ಶಾಪಿನಲ್ಲಿ ಕೊಟ್ಟ ಕ್ರೀಮಿನಲ್ಲೂ ಟ್ರೆಟಿನೊಯಿನ್ ಇದೆ. ಅದರಿಂದ ಮುಖ ಬೆಳ್ಳಗಾಯ್ತು, ಈಗ ತೆಳ್ಳಗೆ ಕೆಂಪಗೆ ಆಗಿ ನರ ಕಾಣ್ತಿವೆ. ಇದು ರೆಟಿನಾಯ್ಡ್‌ದೇ ಕೆಲಸ ಅಲ್ವಾ?

ಈ ಪ್ರಶ್ನೆಗೆ ಉತ್ತರಿಸುವಾಗ ಪ್ರತಿ ಸಲವೂ ನನಗೆ ಸಂಕಟವಾಗುತ್ತದೆ. ಆ ಟ್ಯೂಬಿನ ಮೇಲಿನ ಸಣ್ಣ ಅಕ್ಷರಗಳನ್ನು ದಯವಿಟ್ಟು ಪೂರ್ತಿ ಓದಿ. ಹೈಡ್ರೊಕ್ವಿನೋನ್, ಟ್ರೆಟಿನೊಯಿನ್ ಮತ್ತು ಮೊಮೆಟಸೋನ್ ಎಂಬ ಮೂರು ಹೆಸರುಗಳು ಒಟ್ಟಿಗಿದ್ದರೆ ನೀವು ಹಚ್ಚಿದ್ದು ಬಂಗಿಗಾಗಿ ವೈದ್ಯರು ಅಲ್ಪಾವಧಿಗೆ ಬರೆಯುವ ಮೂರರ ಮಿಶ್ರಣ. ಫಿಲಡೆಲ್ಫಿಯಾದ ಚರ್ಮತಜ್ಞ ಆಲ್ಬರ್ಟ್ ಕ್ಲಿಗ್ಮನ್ ಮತ್ತು ಅವರ ಸಹೋದ್ಯೋಗಿ 1975ರಲ್ಲಿ ಪ್ರಕಟಿಸಿದ ಸೂತ್ರದಿಂದ ಬಂದ ಮಿಶ್ರಣವಿದು. ಮೂಲದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಇತ್ತು, ನಮ್ಮಲ್ಲಿ ಅದರ ಜಾಗದಲ್ಲಿ ಹೆಚ್ಚಾಗಿ ಇನ್ನೂ ಬಲವಾದ ಮೊಮೆಟಸೋನ್ ಇದೆ. ಚರ್ಮವನ್ನು ತೆಳುವಾಗಿಸುವುದು, ರಕ್ತನಾಳಗಳನ್ನು ಎದ್ದು ಕಾಣುವಂತೆ ಮಾಡುವುದು, ಬಿಟ್ಟೊಡನೆ ಉರಿ ಎಬ್ಬಿಸುವುದು ಈ ಸ್ಟೀರಾಯ್ಡ್‌ನ ಕೆಲಸ. ಟ್ರೆಟಿನೊಯಿನ್ ಆ ತೆಳುವಾಗುವಿಕೆಯನ್ನು ಸ್ವಲ್ಪ ಮಟ್ಟಿಗೆ ತಡೆಯುತ್ತದೆಂಬ ಲೆಕ್ಕಾಚಾರವೂ ಮೂಲ ಸೂತ್ರದಲ್ಲಿತ್ತು.

ಬೆಳ್ಳಗಾಗುವ ಆಸೆಗೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಇದನ್ನು ಹಚ್ಚಿ ಮುಖ ಹಾಳಾದವರು ಕರ್ನಾಟಕದ ಊರೂರುಗಳಲ್ಲಿ, ದೇಶದ ಎಲ್ಲೆಡೆ ಇದ್ದಾರೆ. ಭಾರತದ ಚರ್ಮವೈದ್ಯರ ಸಂಘ ಇದರ ವಿರುದ್ಧ ಪ್ರತ್ಯೇಕ ಕಾರ್ಯಪಡೆಯನ್ನೇ ರಚಿಸಿತು, ಮತ್ತು 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಕ್ರೀಮುಗಳನ್ನು ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಇಂಥ ಕ್ರೀಮನ್ನು ಬಹಳ ಕಾಲ ಹಚ್ಚಿದ್ದರೆ ಒಮ್ಮೆಲೇ ನಿಲ್ಲಿಸಿ ಮನೆಯಲ್ಲೇ ಒದ್ದಾಡಬೇಡಿ. ಚರ್ಮವೈದ್ಯರ ಬಳಿ ಹೋಗಿ, ಟ್ಯೂಬನ್ನೂ ಕೊಂಡೊಯ್ಯಿರಿ.

## ಆಳಕ್ಕಿಳಿದು ಕೇಳುವವರ ಪ್ರಶ್ನೆಗಳು

ರೆಟಿನೊಯಿಕ್ ಆಮ್ಲ ಕೊಬ್ಬಿನ ಕೋಶಗಳು ಬೆಳೆಯೋದನ್ನ ತಡೆಯುತ್ತೆ ಅಂತ ಸಂಶೋಧನೆಗಳಿವೆಯಲ್ಲ, ಅವು ತಪ್ಪಾ?

ತಪ್ಪಲ್ಲ, ಅವು ಗಟ್ಟಿಯಾದ ಸಂಶೋಧನೆಗಳೇ. 3ಟಿ3-ಎಲ್1 ಎಂಬ ಇಲಿಯ ಕೋಶಗಳು ಗಾಜಿನ ತಟ್ಟೆಯಲ್ಲಿ ಕೊಬ್ಬಿನ ಕೋಶಗಳಾಗಿ ಮಾರ್ಪಡುವ ಮೊದಲ ಒಂದೆರಡು ದಿನಗಳಲ್ಲಿ ರೆಟಿನೊಯಿಕ್ ಆಮ್ಲ ಕೊಟ್ಟರೆ ಆ ಮಾರ್ಪಾಡು ನಿಂತುಹೋಗುತ್ತದೆ. ಆ ಹಂತ ದಾಟಿದ ಮೇಲೆ ಕೊಟ್ಟರೆ ನಿಲ್ಲುವುದಿಲ್ಲ. ಅಂದರೆ ಇಲ್ಲಿ ತಡೆದದ್ದು ಹೊಸ ಕೋಶ ಹುಟ್ಟುವುದನ್ನು. ತುಂಬಿಕೊಂಡು ಕೂತ ಕೊಬ್ಬಿನ ಕೋಶವನ್ನು ಕರಗಿಸಿದ್ದಲ್ಲ. ನಮ್ಮ ಮುಖದಲ್ಲಿರುವ ಕೊಬ್ಬು ಬಹುಪಾಲು ಹೀಗೆ ಬಲಿತ ಕೋಶಗಳದ್ದು.

ಇದಕ್ಕೆ ನ್ಯಾಯವಾದ ಒಂದು ಮರುಪ್ರಶ್ನೆ ಇದೆ. ವಯಸ್ಕರ ಕೊಬ್ಬಿನ ಕೋಶಗಳಲ್ಲಿ ವರ್ಷಕ್ಕೆ ಸುಮಾರು ಶೇಕಡಾ 10ರಷ್ಟು ಹೊಸದಾಗಿ ಬದಲಾಗುತ್ತವೆಂದು 2008ರಲ್ಲಿ ಸ್ವೀಡನ್ನಿನ ವಿಜ್ಞಾನಿಗಳು ತೋರಿಸಿದ್ದಾರೆ. ಹಾಗಾದರೆ ವರ್ಷಾನುಗಟ್ಟಲೆ ಹಚ್ಚಿದರೆ ಆ ಬದಲಾವಣೆಗೆ ಅಡ್ಡಿಯಾಗದೇ? ಆಗಬೇಕಾದರೆ ತಟ್ಟೆಯಲ್ಲಿ ಬಳಸಿದ ಮಟ್ಟದ ರೆಟಿನೊಯಿಕ್ ಆಮ್ಲ ಕೊಬ್ಬಿನ ಪದರದಲ್ಲಿ ಸದಾ ಇರಬೇಕು. ತಟ್ಟೆಯಲ್ಲಿ ಕೋಶಗಳು ಔಷಧದಲ್ಲೇ ಮುಳುಗಿರುತ್ತವೆ. ಕೆನ್ನೆಯಲ್ಲಿ ಸತ್ತ ಪದರ, ಒಡೆಯುವ ಕಿಣ್ವಗಳು, ಹೊತ್ತೊಯ್ಯುವ ರಕ್ತ, ಮೇಲೆ ಒಂದೂವರೆ ಮಿಲಿಮೀಟರ್ ದೂರ ಇವೆಲ್ಲವೂ ಅಡ್ಡ ನಿಂತಿವೆ. ಬೊಜ್ಜಿನ ಇಲಿಗಳು ರೆಟಿನೊಯಿಕ್ ಆಮ್ಲದಿಂದ ತೂಕ ಕಳೆದುಕೊಂಡ ಪ್ರಯೋಗಗಳೂ ಇವೆ, ಆದರೆ ಅಲ್ಲಿ ಔಷಧವನ್ನು ಇಡೀ ದೇಹಕ್ಕೆ ಕೊಡಲಾಗಿತ್ತು.

ಕೂದಲಿನ ರಂಧ್ರದ ಮೂಲಕ ನೇರವಾಗಿ ಕೊಬ್ಬಿಗೆ ಇಳಿಯಬಹುದಲ್ಲ?

ರಂಧ್ರಗಳು ನಿಜವಾದ ಒಳದಾರಿಗಳು. ಅಡಾಪಲೀನ್ ಮೊಡವೆಗೆ ಅಷ್ಟು ಚೆನ್ನಾಗಿ ಹೊಂದುವುದೂ ಅದು ಅಲ್ಲಿ ಸೇರಿಕೊಳ್ಳುವುದರಿಂದಲೇ. ಗಡ್ಡದ ದಪ್ಪ ಕೂದಲಿನ ಬುಡ ಕೊಬ್ಬಿನ ಪದರದವರೆಗೂ ಇಳಿದಿರುತ್ತದೆ ಎಂಬುದೂ ಸರಿ. ಆದರೆ ಹಚ್ಚಿದ ಔಷಧ ಮುಖ್ಯವಾಗಿ ಶೇಖರವಾಗುವುದು ರಂಧ್ರದ ಬಾಯಿಯ ಬಳಿ, ಎಣ್ಣೆ ಗ್ರಂಥಿ ತೆರೆದುಕೊಳ್ಳುವ ಮೇಲ್ಭಾಗದಲ್ಲಿ. ಎಣ್ಣೆಯ ಹರಿವು ಅಲ್ಲಿ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ.

ಹಾಗಾದರೆ ಹೊರಗಿನಿಂದ ಹಾಕಿದ ಯಾವ ಔಷಧವೂ ಕೊಬ್ಬನ್ನು ಕರಗಿಸೋದೇ ಇಲ್ವಾ?

ಕರಗಿಸಿದ್ದಕ್ಕೆ ಸ್ಪಷ್ಟ ಉದಾಹರಣೆಯೇ ಇದೆ. ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಹಾಕುವ ಬಿಮಾಟೊಪ್ರೋಸ್ಟ್‌ನಂಥ ಹನಿಗಳು ಕಣ್ಣಿನ ಸುತ್ತಲಿನ ಕೊಬ್ಬನ್ನು ಕುಗ್ಗಿಸುತ್ತವೆ. ಮೇಲ್ರೆಪ್ಪೆಯ ಮಡಿಕೆ ಆಳವಾಗಿ ಕಣ್ಣು ಒಳಗೆ ಹೋದಂತೆ ಕಾಣುತ್ತದೆ. ಒಂದೇ ಕಣ್ಣಿಗೆ ಹಾಕುವವರಲ್ಲಿ ಎರಡು ಕಣ್ಣುಗಳ ವ್ಯತ್ಯಾಸ ನೋಡಿದೊಡನೆ ತಿಳಿಯುತ್ತದೆ, ನಿಲ್ಲಿಸಿದರೆ ಸ್ವಲ್ಪಮಟ್ಟಿಗೆ ಮರಳುವುದೂ ಉಂಟು. ರೆಪ್ಪೆಗೂದಲು ಬೆಳೆಸುವ ಸೀರಮ್‌ಗಳಲ್ಲಿಯೂ ಈ ಜಾತಿಯ ಅಣುಗಳಿರುವುದರಿಂದ, ಕಣ್ಣು ಕುಳಿಬಿದ್ದಿದೆ ಎನ್ನುವವರು ರೆಟಿನಾಲ್ ಜೊತೆಗೆ ಅಂಥದ್ದನ್ನು ಬಳಸುತ್ತಿದ್ದಾರೆಯೇ ಎಂದು ನಾನು ಮೊದಲು ಕೇಳುತ್ತೇನೆ. ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟ ಜಾಗದಲ್ಲಿ ಕೊಬ್ಬು ಕರಗಿ ಗುಳಿ ಬೀಳುವುದೂ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಇಂಥ ಪರಿಣಾಮ ನಿಜವಾಗಿದ್ದಾಗ ಅದು ಎಷ್ಟು ಬೇಗ ಗಮನಕ್ಕೆ ಬಂದು ದಾಖಲಾಗುತ್ತದೆ ಎಂಬುದನ್ನು ಇವು ತೋರಿಸುತ್ತವೆ.

ಹೆಚ್ಚು ಪರ್ಸೆಂಟೇಜ್ ತಗೊಂಡ್ರೆ, ಇಲ್ಲಾ ಡರ್ಮಾರೋಲರ್ ಆಡಿಸಿ ಹಚ್ಚಿದ್ರೆ ಇನ್ನೂ ಆಳಕ್ಕೆ ಹೋಗುತ್ತಲ್ವಾ?

ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಶೇಕಡಾ 0.025 ಮತ್ತು 0.1ರ ಟ್ರೆಟಿನೊಯಿನ್‌ಗಳನ್ನು 48 ವಾರ ಹೋಲಿಸಿದ 1995ರ ಅಧ್ಯಯನದಲ್ಲಿ ಬಿಸಿಲಿನ ಹಾನಿ ಸರಿಹೋದ ಮಟ್ಟ ಎರಡರಲ್ಲೂ ಒಂದೇ ಆಗಿತ್ತು. ಹೆಚ್ಚಿನದರಲ್ಲಿ ಹೆಚ್ಚಾದದ್ದು ಉರಿ ಮತ್ತು ಸಿಪ್ಪೆ ಏಳುವುದು. ಸೂಜಿಯ ರೋಲರ್ ಸತ್ತ ಪದರವನ್ನೇ ತೂತುಮಾಡುವುದರಿಂದ ಔಷಧ ಆಳಕ್ಕೆ ಹೋಗುವುದು ನಿಜ, ಮತ್ತು ಅದೇ ಕಾರಣಕ್ಕೆ ರೋಲರ್ ಆಡಿಸಿದ ಚರ್ಮಕ್ಕೆ ಟ್ರೆಟಿನೊಯಿನ್ ಹಚ್ಚಬಾರದು. ತೀವ್ರ ಉರಿಯೂತವಾಗಿ, ನಮ್ಮಂಥ ಕಂದು ಬಣ್ಣದ ಚರ್ಮದಲ್ಲಿ ಅದು ತಿಂಗಳುಗಟ್ಟಲೆ ಹೋಗದ ಕಪ್ಪು ಕಲೆಯಾಗಿ ಉಳಿಯಬಹುದು. ಪ್ಲಾಸ್ಟಿಕ್ಕಿನಿಂದ ಮುಚ್ಚಿಡುವುದಕ್ಕೂ ಇದೇ ಮಾತು. ಮುಖ ಮೊದಲೇ ಹೀರುವ ಜಾಗ: ಫೆಲ್ಡ್‌ಮನ್ ಮತ್ತು ಮೈಬಾಕ್ 1967ರಲ್ಲಿ ಹೈಡ್ರೊಕಾರ್ಟಿಸೋನ್ ಹಚ್ಚಿ ಅಳೆದಾಗ ಹಣೆ ಮುಂಗೈಗಿಂತ ಆರು ಪಟ್ಟು, ದವಡೆಯ ಮೂಲೆ ಹದಿಮೂರು ಪಟ್ಟು ಹೆಚ್ಚು ಹೀರಿತ್ತು.

ರಕ್ತಕ್ಕೆ ಅಷ್ಟು ಕಡಿಮೆ ಸೇರುತ್ತೆ ಅಂದ ಮೇಲೆ ಬಸುರಿಯರು ಯಾಕೆ ಹಚ್ಚಬಾರದು?

ನುಂಗುವ ರೆಟಿನಾಯ್ಡ್‌ಗಳು ಗರ್ಭಸ್ಥ ಶಿಶುವಿಗೆ ತೀವ್ರ ಅಂಗದೋಷ ಉಂಟುಮಾಡುವುದು ಖಚಿತವಾಗಿ ತಿಳಿದಿದೆ. ಮೊಡವೆಯ ಚಿಕಿತ್ಸೆಯನ್ನು ಒಂಬತ್ತು ತಿಂಗಳು ಮುಂದೂಡಬಹುದು, ಬೇರೆ ಔಷಧಗಳೂ ಇವೆ. ಹೀಗಿರುವಾಗ ಅತಿ ಸಣ್ಣ ಅಪಾಯವನ್ನೂ ಹೊತ್ತುಕೊಳ್ಳುವ ಅಗತ್ಯವಿಲ್ಲವೆಂದೇ ವೈದ್ಯರು ಬೇಡ ಎನ್ನುತ್ತಾರೆ. ಗರ್ಭಿಣಿಯೆಂದು ತಿಳಿಯುವ ಮೊದಲು ಕೆಲ ದಿನ ಹಚ್ಚಿಬಿಟ್ಟಿದ್ದರೆ ನಿಲ್ಲಿಸಿ ವೈದ್ಯರಿಗೆ ತಿಳಿಸಿ. ಹೆದರಿ ಯಾವ ನಿರ್ಧಾರಕ್ಕೂ ಧಾವಿಸಬೇಡಿ.

ಎಲ್ಲ ಸರಿ, ಆದರೆ ನನ್ನ ಒಂದು ಕೆನ್ನೆ ನಿಜಕ್ಕೂ ಗುಳಿ ಬಿದ್ದಿದೆ. ಯಾರಿಗೆ ತೋರಿಸಲಿ?

ಚರ್ಮವೈದ್ಯರಿಗೆ, ತಡಮಾಡದೆ. ಎರಡೂ ಕಡೆ ಸಮನಾಗಿ ಹಚ್ಚಿದ ಕ್ರೀಮು ಒಂದೇ ಕಡೆಯನ್ನು ಕುಳಿಯಾಗಿಸುವುದಿಲ್ಲ. ಒಂದೇ ಬದಿಯ ಗುಳಿ, ಗಟ್ಟಿಯಾದ ಅಥವಾ ಬಣ್ಣ ಬದಲಾದ ಚರ್ಮದ ಪಟ್ಟಿ, ಮುಟ್ಟಿದರೆ ನೋಯುವ ಗಂಟು ಇವುಗಳ ಹಿಂದೆ ಚರ್ಮ ಗಟ್ಟಿಯಾಗುವ ಮಾರ್ಫಿಯಾ, ಮುಖದ ಅರ್ಧಭಾಗ ಕ್ಷೀಣಿಸುವ ಪ್ಯಾರಿ-ರೊಂಬರ್ಗ್ ಕಾಯಿಲೆ, ಕೊಬ್ಬಿನ ಪದರಕ್ಕೆ ಬರುವ ಲೂಪಸ್ ಇರಬಹುದು. ಇವಕ್ಕೆ ಬೇಗ ಚಿಕಿತ್ಸೆ ಶುರುಮಾಡಿದಷ್ಟೂ ಉಳಿಯುವ ಗುಳಿ ಚಿಕ್ಕದು. ಹೋಗುವಾಗ ಒಂದೆರಡು ವರ್ಷ ಹಿಂದಿನ, ಒಂದೇ ಬಗೆಯ ಬೆಳಕಿನಲ್ಲಿ ಎದುರಿನಿಂದ ತೆಗೆದ ಫೋಟೊಗಳು, ಈಗ ಹಚ್ಚುತ್ತಿರುವ ಎಲ್ಲ ಟ್ಯೂಬುಗಳು ಮತ್ತು ಸೀರಮ್‌ಗಳು, ಹಿಂದಿನ ತೂಕದ ವಿವರ ಜೊತೆಗಿರಲಿ.